ಗಂಧಧಾರಿಣೀ ವಿವಾದ ನಿರ್ಣಯ ಅರ್ಥಾತ್ ಒಂದು ಸೆಂಟಿನ ಬಾಟಲಿಗೆ ಬರೆದ ಮಹಾಭಾಷ್ಯ

ತರ್ಕಸಂಗ್ರಹ ಬರೆದ ಅನ್ನಂಭಟ್ಟರು ಬಣ್ಣಕ್ಕೆ ಏಳು ಬಗೆ ಕೊಟ್ಟರು, ರುಚಿಗೆ ಆರು ಕೊಟ್ಟರು. ವಾಸನೆಯ ಸರದಿ ಬಂದಾಗ ಮಾತ್ರ ಕೈ ಬಿಗಿಹಿಡಿದು ಎರಡೇ ಎರಡು ಕೊಟ್ಟರು: ಸುರಭಿ ಮತ್ತು ಅಸುರಭಿ. ಮೂರನೆಯದಕ್ಕೆ ಅವಕಾಶವಿಲ್ಲ. ಹದಿನೇಳನೆಯ ಶತಮಾನದ ಆ ಪಂಡಿತರು ಯಾವ ಮಾಲ್‌ಗೂ ಹೋಗಿರಲಿಲ್ಲ, ಬಾಗಿಲಲ್ಲೇ ಅಡ್ಡಗಟ್ಟಿ ಕಾಗದದ ಪಟ್ಟಿಯೊಂದನ್ನು ಮೂಗಿಗೆ ಹಿಡಿಯುವ ಸೇಲ್ಸ್ ಹುಡುಗಿಯರನ್ನು ಎದುರಿಸಿರಲಿಲ್ಲ. ಎದುರಿಸಿದ್ದರೆ ಅವರ ಪಟ್ಟಿ ಎರಡಕ್ಕೇ ನಿಲ್ಲುತ್ತಿತ್ತೇ ಎಂಬುದೇ ಪ್ರಸ್ತುತ ಪ್ರಬಂಧದ ಮೂಲ ಸಂಶಯ.

ಶಾಸ್ತ್ರಗ್ರಂಥವೆಂದ ಮೇಲೆ ಅನುಬಂಧ ಚತುಷ್ಟಯ ಹೇಳದೆ ಮುಂದೆ ಹೋಗುವಂತಿಲ್ಲ. ವಿಷಯ: ಪ್ಯಾರಿಸ್ಸಿನ ಕ್ರಿಶ್ಚಿಯನ್ ಡಿಯೋರ್ ಸಂಸ್ಥೆ 1999ರಲ್ಲಿ ಬಿಡುಗಡೆ ಮಾಡಿದ ‘ಜಾದೋರ್’ ಎಂಬ ಹೆಂಗಸರ ಸುಗಂಧ. ಅಧಿಕಾರಿ: ಅದನ್ನು ಒಮ್ಮೆಯಾದರೂ ಮೈಗೆ ಸಿಂಪಡಿಸಿಕೊಂಡವಳು, ಶಾಸ್ತ್ರದ ಘನತೆಗಾಗಿ ಮುಂದೆ ಇವಳನ್ನು ‘ಗಂಧಧಾರಿಣಿ’ ಎನ್ನಲಾಗುವುದು. ಸಂಬಂಧ: ಆಕೆಗೂ ಬಾಟಲಿಗೂ ಇರುವುದು, ಹಲವು ಮನೆಗಳಲ್ಲಿ ಕ್ರೆಡಿಟ್ ಕಾರ್ಡಿನ ಕಂತಿನ ಮೂಲಕ. ಪ್ರಯೋಜನ: ಗೃಹಶಾಂತಿ.

ವಿಷಯದ ಲಕ್ಷಣ ಹೀಗಿದೆ. ಇದನ್ನು ಹೆಣೆದವರು ಕಾಲೀಸ್ ಬೆಕರ್. 1996ರ ‘ಟಾಮಿ ಗರ್ಲ್’ ಕೂಡ ಇವರ ಕೈಯಿಂದಲೇ ಬಂದದ್ದು. ಪೇರ್, ಪೀಚ್, ಕರಬೂಜ ಮೊದಲು ಬರುತ್ತವೆ. ಮಲ್ಲಿಗೆ, ಗುಲಾಬಿ, ಸುಗಂಧರಾಜ ನಡುವೆ ಬಂದು ಕೂರುತ್ತವೆ. ಕಸ್ತೂರಿಯನ್ನು ಹೋಲುವ ವಸ್ತುಗಳು ಎಲ್ಲರೂ ಎದ್ದುಹೋದ ಮೇಲೆ ದೀಪ ಆರಿಸಲು ಉಳಿಯುತ್ತವೆ. ಹಣ್ಣು ಮುಂದೆ, ಹೂವು ಹಿಂದೆ ಇರುವ ಈ ಜಾತಿಗೆ ವ್ಯಾಪಾರದವರು ‘ಫ್ರೂಟಿ ಫ್ಲೋರಲ್’ ಎನ್ನುತ್ತಾರೆ. ಬಾಟಲಿಯ ಕತ್ತಿಗೆ ಚಿನ್ನದ ಬಣ್ಣದ ಬಳೆಗಳ ಸಾಲಿದೆ. ಚಾರ್ಲೀಜ್ ಥೆರಾನ್ 2004ರಿಂದ ಸುಮಾರು ಎರಡು ದಶಕ ಇದರ ಜಾಹೀರಾತಿನಲ್ಲಿ ಹೊಳೆದರು, 2024ರಲ್ಲಿ ಆ ಜಾಗಕ್ಕೆ ರಿಹಾನಾ ಬಂದರು. ಮುಖ ಬದಲಾಯಿತು, ಬಳೆ ಬದಲಾಗಲಿಲ್ಲ.

ಇನ್ನು ಪೂರ್ವಪಕ್ಷ. ಹೊಗೆಯಿದ್ದಲ್ಲಿ ಬೆಂಕಿ ಇರುವ ಹಾಗೆ ಪೇರ್ ವಾಸನೆ ಇದ್ದಲ್ಲಿ ಪೇರ್ ಇರಲೇಬೇಕು ಎಂದು ವಾದಿಸುವವರಿದ್ದಾರೆ. ಈ ಅನುಮಾನ ಸವ್ಯಭಿಚಾರ ಹೇತ್ವಾಭಾಸಕ್ಕೆ ಪಠ್ಯಪುಸ್ತಕದ ಉದಾಹರಣೆ. ಕಿತ್ತಳೆ, ನಿಂಬೆಯ ಸಿಪ್ಪೆಯನ್ನು ಹಿಂಡಿದರೆ ಎಣ್ಣೆ ಬರುತ್ತದೆ. ಪೇರ್, ಪೀಚ್, ಕರಬೂಜಗಳನ್ನು ಹಿಂಡಿದರೆ ಜ್ಯೂಸ್ ಬರುತ್ತದೆ, ಅಷ್ಟೆ. ಸುಗಂಧಕ್ಕೆ ಬೇಕಾದ ಇಂಥ ಹಣ್ಣಿನ ವಾಸನೆಯನ್ನು ಬಹುಮಟ್ಟಿಗೆ ಪ್ರಯೋಗಾಲಯದಲ್ಲೇ ಕಟ್ಟುತ್ತಾರೆ. ಪೇರ್ ಬೇಕೆಂದರೆ ಹೆಕ್ಸೈಲ್ ಅಸಿಟೇಟ್‌ನಂಥ ಎಸ್ಟರ್, ಕರಬೂಜ ಬೇಕೆಂದರೆ ಮೆಲೊನಾಲ್. ಪೀಚ್‌ಗೆ ಇರುವ ಹಳೆಯ ಮದ್ದಿನ ಹೆಸರು ‘ಆಲ್ಡಿಹೈಡ್ ಸಿ-14’. ಅದು ಆಲ್ಡಿಹೈಡ್ ಅಲ್ಲ, ಅದರಲ್ಲಿ ಹದಿನಾಲ್ಕು ಇಂಗಾಲವೂ ಇಲ್ಲ. ಅದು ಹನ್ನೊಂದು ಇಂಗಾಲದ ಲ್ಯಾಕ್ಟೋನ್. ಹುಟ್ಟುಪತ್ರದ ಎರಡೂ ಕಾಲಂ ಸುಳ್ಳಾಗಿರುವ ಈ ಮಹನೀಯನನ್ನೇ ನಂಬಿ ಝಾಕ್ ಗೆರ್ಲಾನ್ 1919ರಲ್ಲಿ ‘ಮಿತ್ಸುಕೊ’ ಕಟ್ಟಿದರು. ನೂರು ವರ್ಷ ದಾಟಿದರೂ ಅದು ಮಾರಾಟದಲ್ಲಿದೆ. ಗುಣವು ದ್ರವ್ಯವನ್ನು ಬಿಟ್ಟಿರಲಾರದು ಎಂದ ನೈಯಾಯಿಕರಿಗೆ, ಹಣ್ಣೇ ಇಲ್ಲದ ಹಣ್ಣಿನ ವಾಸನೆ ನಿಜಕ್ಕೂ ತೊಂದರೆ ಕೊಡಬೇಕು.

ಹೂವಿನ ಕಡೆ ತುಸು ಪ್ರಾಮಾಣಿಕತೆಯಿದೆ. ಮಲ್ಲಿಗೆ, ಗುಲಾಬಿ, ಸುಗಂಧರಾಜಗಳಿಂದ ಸಾರ ತೆಗೆಯಬಹುದು. ಆದರೆ ‘ಲಿಲಿ ಆಫ್ ದ ವ್ಯಾಲಿ’ ಎಂಬ ಹೂವು ತನ್ನ ಪರಿಮಳವನ್ನು ಸುಲಭಕ್ಕೆ ಬಿಟ್ಟುಕೊಡದ ಜಿಪುಣಿ. ಸುಗಂಧಲೋಕದಲ್ಲಿ ಆ ಹೆಸರಿನಲ್ಲಿ ಸಿಗುವುದು ಬಹುಮಟ್ಟಿಗೆ ಅಣಕು. ಆ ಅಣಕಿಗೆ ಬಹುಕಾಲ ಬಳಕೆಯಲ್ಲಿದ್ದ ಲಿಲಿಯಲ್ ಎಂಬ ರಾಸಾಯನಿಕವನ್ನು ಯುರೋಪಿನ ಒಕ್ಕೂಟ 2022ರಲ್ಲಿ ಸೌಂದರ್ಯವರ್ಧಕಗಳಿಂದ ನಿಷೇಧಿಸಿತು. ಅಣಕು ಪ್ರಬಂಧಗಳನ್ನು ನಿಷೇಧಿಸುವ ಬಗ್ಗೆ ಒಕ್ಕೂಟ ಇನ್ನೂ ಯೋಚಿಸಿದಂತಿಲ್ಲ.

ಈಗ ದರ್ಶನಗಳು. ಒಂದೇ ಬಾಟಲಿಯ ಸುತ್ತ ಗಂಧಧಾರಿಣಿಯರು ಹಲವು ಪಂಗಡಗಳಾಗಿ ಒಡೆದಿದ್ದಾರೆ, ಒಂದೊಂದು ಪಂಗಡಕ್ಕೂ ತನ್ನದೇ ಪ್ರಮಾಣವಿದೆ.

ಕರಬೂಜವಾದಿನಿಯರು ಮೊದಲ ಹತ್ತು ನಿಮಿಷದಲ್ಲೇ ತೀರ್ಪು ಕೊಟ್ಟು ಬಿಲ್ ಮಾಡಿಸುವವರು. ‘ಆಹಾ, ಎಷ್ಟು ಫ್ರೆಶ್ಶಾಗಿದೆ!’ ಎಂಬುದು ಇವರ ಏಕೈಕ ಸೂತ್ರ. ಹಗುರ ಅಣುಗಳು ಬೇಗ ಆವಿಯಾಗುತ್ತವೆ ಎಂಬ ಭೌತಶಾಸ್ತ್ರದ ಸತ್ಯ ಇವರಿಗೆ ತಿಳಿಯುವ ಹೊತ್ತಿಗೆ ಆಟೋ ಅರ್ಧ ದಾರಿ ಬಂದಿರುತ್ತದೆ, ಹಣ್ಣಿನಂಗಡಿ ಮುಚ್ಚಿರುತ್ತದೆ. ಇದೇ ಪಂಗಡದಲ್ಲೊಂದು ಉಪಶಾಖೆಯುಂಟು. ಬೆಂಗಳೂರಿನಲ್ಲಿ ಬೇರಿಕಾಯಿಗೆ ಉಪ್ಪುಖಾರ ಹಚ್ಚಿ ತಿಂದು ಬೆಳೆದ ಇವರು, ಪಟ್ಟಿಯಲ್ಲಿ ‘ಪೇರ್’ ಎಂದಿರುವುದನ್ನು ಓದಿ ಮೂಸಿ ಮೂಸಿ ಸುಸ್ತಾಗುತ್ತಾರೆ. ಪ್ಯಾರಿಸ್ಸಿನವರ ಮನಸ್ಸಿನಲ್ಲಿರುವುದು ಬೆಣ್ಣೆಯಂತೆ ಕರಗುವ ಹಣ್ಣು. ಇವರ ನಾಲಿಗೆಯಲ್ಲಿರುವುದು ಹಲ್ಲಿಗೆ ಸವಾಲು ಹಾಕುವ ಕಾಯಿ. ಇಬ್ಬರೂ ಸರಿ.

ಮಲ್ಲಿಗೆವಾದಿನಿಯರು ಬಹುಪಾಲು ಕರಾವಳಿಯವರು, ವಾದದಲ್ಲಿ ಸೋತ ದಾಖಲೆಯಿಲ್ಲ. ಶಂಕರಪುರದ ಮಲ್ಲಿಗೆಯನ್ನು ಅಟ್ಟೆ ಲೆಕ್ಕದಲ್ಲಿ ಕೊಂಡು ಮುಡಿದ ಜಡೆಗಳಿವು; ಭೌಗೋಳಿಕ ಗುರುತು ಪಡೆದ ಹೂವು ಬೆನ್ನಿಗಿರುವಾಗ ಗಾಜಿನ ಬಾಟಲಿಗೆ ಮಣಿಯುವುದುಂಟೇ? ‘ಮಲ್ಲಿಗೆ ಹೌದು ಮಾರಾಯ್ತಿ, ಆದ್ರೆ ತೊಳೆದ ಮಲ್ಲಿಗೆ’ ಎಂಬುದು ಇವರ ಆಕ್ಷೇಪ. ಇದರಲ್ಲಿ ವಿಜ್ಞಾನವಿದೆ. ನಿಜವಾದ ಮಲ್ಲಿಗೆಯಲ್ಲಿ ಇಂಡೋಲ್ ಎಂಬ ಅಣುವಿದೆ. ಅದೇ ಅಣು ಮಲದಲ್ಲೂ ಇದೆ, ಅದನ್ನು ಮುಚ್ಚಿಟ್ಟು ಶಾಸ್ತ್ರ ಬರೆಯಲಾಗದು. ಹೆಚ್ಚಾದರೆ ಹೇಸಿಗೆ, ಹದವಾದರೆ, ರಾತ್ರಿ ಒಂಬತ್ತರ ಮೇಲೆ ಮಲ್ಲಿಗೆಗೆ ಬರುವ ಆ ಮತ್ತು. ಇಂದಿನ ಸ್ವಚ್ಛಗಂಧಗಳಲ್ಲಿ ಅದರ ಬಾಯಿ ಕಟ್ಟಿ ಹೆಡಿಯೋನ್‌ನಂಥ ತಿಳಿಯಾದ ಅಣುಗಳಿಗೆ ಮುಂದಿನ ಸಾಲು ಕೊಡುವುದು ವಾಡಿಕೆ. ಮುಡಿದ ಹೂವು ಬಾಡುತ್ತ ಬಾಡುತ್ತ ಬದಲಾಗುವುದನ್ನು ಬಲ್ಲ ಮೂಗಿಗೆ ಇದು ಕೂದಲು ಬಾಚಿ ಶಾಲೆಗೆ ಕಳಿಸಿದ ಮಲ್ಲಿಗೆಯಾಗಿ ಕಾಣುತ್ತದೆ. ಈ ಪ್ರಬಂಧದ ಕರ್ತೃವಿನ ಒಲವು ಈ ಪಂಗಡದ ಕಡೆಗಿದೆ. ಓದುಗರು ಅದನ್ನು ಗಮನದಲ್ಲಿಟ್ಟುಕೊಳ್ಳಬೇಕು.

ಶಾಂಪೂವಾದಿನಿಯರ ಮಾತಿಗೆ ಎಲ್ಲರೂ ನಗುತ್ತಾರೆ. ನಗಬಾರದು. ದುಬಾರಿ ಸುಗಂಧದಲ್ಲಿ ಗೆದ್ದ ವಾಸನೆ ಕೆಲವೇ ವರ್ಷಗಳಲ್ಲಿ ಶಾಂಪೂ, ಬಟ್ಟೆಯ ಕಂಡೀಷನರ್, ರೂಮ್ ಫ್ರೆಶ್‌ನರ್‌ಗಳಿಗೆ ಇಳಿಯುತ್ತದೆ. ಎರಡನ್ನೂ ಕಟ್ಟಿಕೊಡುವ ಸುಗಂಧ ಕಂಪನಿಗಳು ಹೆಚ್ಚಾಗಿ ಅವವೇ. ಶಾಂಪೂವನ್ನು ಮೊದಲು ಮೂಸಿ, ಮೂಲವನ್ನು ಆಮೇಲೆ ಮೂಸಿದವಳಿಗೆ ಮೂಲವೇ ನಕಲಾಗಿ ಕಾಣುವುದು ಸಹಜ.

ಸೂಟ್‌ಕೇಸ್‌ವಾದಿನಿಯರು ಹಣ್ಣು, ಹೂವು ಎರಡನ್ನೂ ಗಣಿಸುವುದಿಲ್ಲ. ಅವರಿಗೆ ಇದು ದುಬೈಯಿಂದ ಬಂದ ಚಿಕ್ಕಮ್ಮನ ವಾಸನೆ, ಅಥವಾ ನ್ಯೂಜೆರ್ಸಿಯ ಅಕ್ಕ ಪೆಟ್ಟಿಗೆ ಬಿಚ್ಚಿದಾಗ ಚಾಕೊಲೇಟಿನ ಜೊತೆ ಹೊಮ್ಮಿದ್ದು. ಅದೇ ಪೆಟ್ಟಿಗೆಯ ಸುತ್ತ ಮಕ್ಕಳಾಗಿ ಕುಳಿತವರು ಈಗ ಸ್ವಂತ ಸಂಪಾದನೆಯಲ್ಲಿ ಬಾಟಲಿ ಕೊಳ್ಳುತ್ತಾರೆ; ಅವರ ಮಕ್ಕಳು ಅದಕ್ಕೆ ‘ಆಂಟಿ ಸೆಂಟು’ ಎಂದು ನಾಮಕರಣ ಮಾಡಿ ಮುಗಿಸುತ್ತಾರೆ. ತಲೆನೋವುವಾದಿನಿಯರ ದರ್ಶನ ಹೆಸರಿನಲ್ಲೇ ಇದೆ, ವಿಸ್ತರಿಸುವುದಿಲ್ಲ.

ಇಷ್ಟು ಮತಭೇದ ಬರೀ ಹಟದಿಂದ ಹುಟ್ಟಿದ್ದಲ್ಲ. ವಾಸನೆ ಹಿಡಿಯುವ ಗ್ರಾಹಕಗಳ ಜೀನ್ ಕುಟುಂಬವನ್ನು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 1991ರಲ್ಲಿ ಗುರುತಿಸಿದರು, 2004ರಲ್ಲಿ ಅದಕ್ಕೆ ನೊಬೆಲ್ ಬಂತು. ಮನುಷ್ಯನ ಮೂಗಿನಲ್ಲಿ ಕೆಲಸ ಮಾಡುವ ಗ್ರಾಹಕಗಳು ಸುಮಾರು 400 ಬಗೆಯವು, ಅವು ಎಲ್ಲರಲ್ಲೂ ಒಂದೇ ತೆರನಾಗಿಲ್ಲ. ನೇರಳೆ ಬಣ್ಣದ ವಯಲೆಟ್ ಹೂವಿನ ವಾಸನೆ ಕೊಡುವ ಬೀಟಾ-ಅಯೊನೋನ್ ಇದಕ್ಕೆ ಸಾಕ್ಷಿ. ಒಂದೇ ಒಂದು ಜೀನಿನ ವ್ಯತ್ಯಾಸದಿಂದ ಕೆಲವರಿಗೆ ಅದು ಹೂವು, ಇನ್ನು ಕೆಲವರಿಗೆ ಹುಳಿ. ಕೆಲವು ಕೃತಕ ಕಸ್ತೂರಿಗಳಂತೂ ಒಂದಷ್ಟು ಜನರ ಮೂಗಿಗೆ ಬೀಳುವುದೇ ಇಲ್ಲ. ಹಾಗಾಗಿ ‘ಸಂಜೆಯವರೆಗೂ ಇತ್ತು ಕಣೇ’ ಎನ್ನುವವಳೂ ‘ಮಧ್ಯಾಹ್ನಕ್ಕೇ ಮಾಯ’ ಎನ್ನುವವಳೂ ಸತ್ಯವನ್ನೇ ನುಡಿಯುತ್ತಿರಬಹುದು. ಪ್ರತ್ಯಕ್ಷ ಪ್ರಮಾಣವೇ ಹೀಗೆ ಕೈಕೊಟ್ಟರೆ ಅನುಮಾನದ ಗತಿಯೇನು!

ಇಲ್ಲಿಯೇ ‘ಲಿಫ್ಟ್ ನ್ಯಾಯ’ವನ್ನು ಸ್ಥಾಪಿಸಬೇಕು. ಎಡೆಬಿಡದೆ ಬರುವ ವಾಸನೆಯನ್ನು ಮೂಗು ಸ್ವಲ್ಪ ಹೊತ್ತಿಗೇ ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಬಿಡುತ್ತದೆ. ಸೆಂಟು ಹೋಯಿತೆಂದು ಬಗೆದ ಗಂಧಧಾರಿಣಿ ಮತ್ತೆರಡು ಸಲ ಒತ್ತುತ್ತಾಳೆ. ಹೋದದ್ದು ಸೆಂಟಲ್ಲ, ಆಕೆಯ ಗಮನ. ಎಂಟನೆಯ ಮಹಡಿಯಿಂದ ಕೆಳಗಿಳಿಯುವ ಲಿಫ್ಟಿನಲ್ಲಿ ಈ ವ್ಯತ್ಯಾಸವನ್ನು ಸಹಪ್ರಯಾಣಿಕರು ಉಸಿರು ಬಿಗಿಹಿಡಿದು ಅಧ್ಯಯನ ಮಾಡುತ್ತಾರೆ.

ಅಂಗಡಿಯಲ್ಲಿ ಮೂಗು ಶುದ್ಧಿಗೆಂದು ಇಡುವ ಕಾಫಿ ಬೀಜದ ಬಟ್ಟಲಿನ ಬಗ್ಗೆಯೂ ಒಂದು ಮಾತು. ಪ್ರಯೋಗ ಮಾಡಿ ನೋಡಿದಾಗ ಕಾಫಿ ಬೀಜಕ್ಕಿಂತ ಬರಿಯ ಗಾಳಿಯೇನೂ ಕಡಿಮೆಯಿರಲಿಲ್ಲ. ಫಿಲ್ಟರ್ ಕಾಫಿಯ ನಾಡಿನವರಿಗೆ ಈ ಪದ್ಧತಿ ಅಪಾಯಕಾರಿ ಕೂಡ. ಬಟ್ಟಲು ಮೂಸಿದ ಮೇಲೆ ಮನಸ್ಸು ಸೆಂಟು ಬಿಟ್ಟು ಡಿಕಾಕ್ಷನ್ ಕಡೆ ಹೊರಳುತ್ತದೆ.

ಇದೆಲ್ಲ ಆಧುನಿಕ ಗೊಂದಲ, ಪೂರ್ವಿಕರಿಗೆ ಸ್ಪಷ್ಟತೆಯಿತ್ತು ಎನ್ನುವವರು ವರಾಹಮಿಹಿರರ ಬೃಹತ್ಸಂಹಿತೆಯ ಗಂಧಯುಕ್ತಿ ಅಧ್ಯಾಯವನ್ನು ತೆರೆಯಬೇಕು. ಹದಿನಾರು ದ್ರವ್ಯಗಳಿಂದ ನಾಲ್ಕನ್ನು ಆರಿಸಲು 1,820 ದಾರಿಗಳಿವೆ, ಒಂದೊಂದರಲ್ಲೂ 96 ಭೇದ, ಒಟ್ಟು 1,74,720 ಸುಗಂಧಗಳು ಎಂದು ಆರನೆಯ ಶತಮಾನದಲ್ಲೇ ಗುಣಿಸಿಟ್ಟರು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಮಾನಸೋಲ್ಲಾಸದಲ್ಲಿ ಅರಸನ ಉಪಭೋಗಗಳನ್ನು ಹೇಳುವಾಗ ಮೈಗೆ ಪೂಸುವ ಲೇಪನಕ್ಕೂ ಜಾಗ ಕೊಟ್ಟ. ಎಷ್ಟು ಬಗೆ ಎಂದು ಲೆಕ್ಕವಾಯಿತು, ಯಾವಾಗ ಪೂಸಬೇಕೆಂಬ ವಿಚಾರವೂ ಆಯಿತು. ಪೂಸಿಕೊಂಡವಳನ್ನು ಬಾಗಿಲಲ್ಲೇ ನಿಲ್ಲಿಸಿ ‘ಏನಮ್ಮಾ ಇದು, ಇಷ್ಟು ಘಾಟು?’ ಎನ್ನುವ ಅತ್ತೆಗೆ ಕೊಡಬೇಕಾದ ಉತ್ತರ ಮಾತ್ರ ಯಾವ ಅಧ್ಯಾಯದಲ್ಲೂ ಇಲ್ಲ.

ಇನ್ನು ನಿರ್ಣಯ. ನಾಲ್ಕನೆಯ ಗಂಟೆಯ ಹೊತ್ತಿಗೆ ಕರಬೂಜ, ಪೀಚ್, ಬೇರಿಕಾಯಿಗಳು ಆವಿಯಾಗಿರುತ್ತವೆ. ಅವುಗಳ ಜೊತೆ ಆಯಾ ದರ್ಶನಗಳ ಪರಿಭಾಷೆಯೂ ಆವಿಯಾಗಿರುತ್ತದೆ. ಆಗ ಯಾವ ಪಂಗಡದವಳನ್ನು ಕೇಳಿದರೂ ಬರುವ ಉತ್ತರ ಎರಡೇ: ‘ಚೆನ್ನಾಗಿದೆ’, ಅಥವಾ ‘ತಲೆ ನೋಯುತ್ತಿದೆ’. ಅನ್ನಂಭಟ್ಟರು ಗೆದ್ದಿದ್ದಾರೆ, ಮೂರನೆಯ ಬಗೆಗಾಗಿ ಸಲ್ಲಿಸಿದ ಅರ್ಜಿ ವಜಾ ಆಗಿದೆ.

ಆದ್ದರಿಂದ ಕೊಳ್ಳಲು ಹೊರಟ ಓದುಗರಲ್ಲಿ ವಿನಂತಿ: ಕಾಗದದ ಪಟ್ಟಿಯ ಸಾಕ್ಷ್ಯವನ್ನು ಒಪ್ಪಬೇಡಿ. ಮುಂಗೈಗೆ ಒಮ್ಮೆ ಹಾಕಿಸಿಕೊಂಡು, ಉಜ್ಜದೆ, ಅಂಗಡಿಯಿಂದ ಹೊರಗೆ ಹೋಗಿ ನಾಲ್ಕು ಗಂಟೆ ಬಿಟ್ಟು ತೀರ್ಮಾನಿಸಿ. ಮನೆಗೆ ತಂದ ಮೇಲೆ ಬೆಳಗ್ಗೆ ಎರಡು ಸಲ ಒತ್ತಿದರೆ ಸಾಕು. ಮೂರನೆಯ ಸಲ ಒತ್ತುವವರು ಮೆಟ್ಟಿಲು ಬಳಸತಕ್ಕದ್ದು.