ಆವೃತ್ತಿ ಬ್ಯಾಡ್ಜ್ ಲಕ್ಷಣ ನಿರ್ಣಯ

ಓಪನ್ ಸೋರ್ಸ್ ಪ್ಯಾಕೇಜುಗಳ ರೀಡ್‌ಮಿ ಕಡತದ ನೆತ್ತಿಯ ಮೇಲೆ ಮೆರೆಯುವ, ಸಾಮಾನ್ಯವಾಗಿ 20 ಪಿಕ್ಸೆಲ್ ಎತ್ತರದ, ಎಡಕ್ಕೆ ಬೂದು, ಬಲಕ್ಕೆ ಬಣ್ಣವುಳ್ಳ ಪಟ್ಟಿಯೇ ಬ್ಯಾಡ್ಜ್. ಬಲಭಾಗದಲ್ಲಿ ಆವೃತ್ತಿಯ ಸಂಖ್ಯೆ ಇದ್ದರೆ ಅದು ಆವೃತ್ತಿ ಬ್ಯಾಡ್ಜ್. ಬಿಲ್ಡ್ ಪಾಸಾಯಿತು, ಲೈಸೆನ್ಸ್ ಇಂಥದ್ದು, ನನಗೊಂದು ಕಾಫಿ ಕೊಡಿಸಿ ಎಂದು ಸಾರುವ ಪಟ್ಟಿಗಳು ಬೇರೆ ಕುಲದವು; ಅವುಗಳ ಗೊಡವೆ ಈ ಗ್ರಂಥಕ್ಕಿಲ್ಲ.

ದೇವರ ಮೂರ್ತಿಗಳಂತೆ ಇವುಗಳಲ್ಲೂ ಉದ್ಭವ, ಪ್ರತಿಷ್ಠಿತ ಎಂದು ಎರಡು ಬಗೆ. ಬ್ಯಾಡ್ಜ್ ಒದಗಿಸುವ ಶೀಲ್ಡ್ಸ್ ಡಾಟ್ ಐಒ ತಾಣದ ಚಿತ್ರದ ವಿಳಾಸಕ್ಕೆ ಓರೆಗೆರೆ ಹಾಕಿ ‘ಎನ್‌ಪಿಎಂ’, ಇನ್ನೊಂದು ಹಾಕಿ ‘ವಿ’, ಮತ್ತೊಂದು ಹಾಕಿ ಪ್ಯಾಕೇಜಿನ ಹೆಸರು ಬರೆದರೆ ಸರ್ವರ್ ತಾನೇ ರಿಜಿಸ್ಟ್ರಿಯನ್ನು ಕೇಳಿ ಸಂಖ್ಯೆ ತರುತ್ತದೆ. ಇದು ಉದ್ಭವ. ಹೆಸರು, ಸಂಖ್ಯೆ, ಬಣ್ಣ ಮೂರನ್ನೂ ಹೈಫನ್‌ನಿಂದ ಪೋಣಿಸಿ ಕೈಯಾರೆ ಬರೆದದ್ದು ಪ್ರತಿಷ್ಠಿತ. ಇಲ್ಲಿ ಸಂಖ್ಯೆಯೊಳಗೇ ಹೈಫನ್ ಬಂದರೆ ಎರಡೆರಡು ಹಾಕಬೇಕು. ‘2.0.0-ಬೀಟಾ’ ಎನ್ನುವಲ್ಲಿ ಒಂದೇ ಹಾಕಿ ಬ್ಯಾಡ್ಜ್ ಕೆಡಿಸಿಕೊಂಡವರು ಬಹಳ ಜನ.

ಪೂರ್ವಪಕ್ಷ: ಯಾರು ಬರೆದರೇನು, ಸಂಖ್ಯೆ ಸಂಖ್ಯೆಯೇ ತಾನೆ? ಉತ್ತರ: ಅಲ್ಲ. ಪ್ಯಾಕೇಜು 3.2ಕ್ಕೆ ಬಂದ ಮೇಲೂ ಪ್ರತಿಷ್ಠಿತ ಬ್ಯಾಡ್ಜ್ 1.4 ಎಂದೇ ಹಠ ಹಿಡಿದು ಕೂತಿರುತ್ತದೆ. ಅದನ್ನು ತಿದ್ದಬೇಕಾದವನು ಮರೆತಿರುತ್ತಾನೆ, ಇಲ್ಲವೇ ಕೆಲಸ ಬದಲಿಸಿರುತ್ತಾನೆ.

ಹಾಗೆಂದು ಉದ್ಭವವೂ ದೋಷಮುಕ್ತವಲ್ಲ. ಗಿಟ್‌ಹಬ್ ಹೊರಗಿನ ಚಿತ್ರಗಳನ್ನು ಕ್ಯಾಮೋ ಎಂಬ ಪ್ರಾಕ್ಸಿಯ ಮೂಲಕ ತರಿಸಿ ಕ್ಯಾಶ್‌ನಲ್ಲಿ ಇಟ್ಟುಕೊಳ್ಳುತ್ತದೆ. ಹೊಸ ಆವೃತ್ತಿ ಹೊರಬಿಟ್ಟ ಲೇಖಕ ಪುಟ ರಿಫ್ರೆಶ್ ಮಾಡುತ್ತಾನೆ, ಹಳೆಯ ಸಂಖ್ಯೆಯೇ ಕಾಣುತ್ತದೆ. ಗಾಬರಿಯಿಂದ ಮತ್ತೆ ಪಬ್ಲಿಶ್ ಒತ್ತುತ್ತಾನೆ. ಒಂದೇ ಆವೃತ್ತಿಯನ್ನು ಎರಡು ಸಲ ಎನ್‌ಪಿಎಂ ಒಪ್ಪುವುದಿಲ್ಲ. ಎರರ್ ಕೊಟ್ಟು ಕಳಿಸುತ್ತದೆ. ಇದಕ್ಕೆ ಕ್ಯಾಶ್‌ದೋಷವೆಂದು ಹೆಸರು. ಪರಿಹಾರ, ಸುಮ್ಮನೆ ಕಾಯುವುದು.

ವರ್ಣಭೇದಕ್ಕೂ ಶಾಸ್ತ್ರಾಧಾರವಿದೆ. ಟಾಮ್ ಪ್ರೆಸ್ಟನ್-ವರ್ನರ್ ರೂಪಿಸಿದ ಸೆಮ್ಯಾಂಟಿಕ್ ವರ್ಷನಿಂಗ್ ಪ್ರಕಾರ ಸೊನ್ನೆಯಿಂದ ಶುರುವಾಗುವ ಆವೃತ್ತಿಯಲ್ಲಿ ಯಾವಾಗ ಏನು ಬೇಕಾದರೂ ಬದಲಾಗಬಹುದು. ಆದ್ದರಿಂದ ಶೀಲ್ಡ್ಸ್ ಅದಕ್ಕೆ ಕಿತ್ತಳೆ ಬಳಿಯುತ್ತದೆ, ಪ್ರಾಯಕ್ಕೆ ಬಂದವಕ್ಕೆ ನೀಲಿ. ಕಿತ್ತಳೆಯವರಲ್ಲಿ ನಿತ್ಯಬಾಲರೆಂಬ ಉಪಜಾತಿಯೊಂದುಂಟು. ವರ್ಷಗಟ್ಟಲೆ ಜಗತ್ತಿನ ಭಾರ ಹೊತ್ತರೂ ಸೊನ್ನೆ ಬಿಟ್ಟು ಏಳುವುದಿಲ್ಲ. ಒಂದಕ್ಕೆ ಏರಿದರೆ ಮಾತಿಗೆ ಬದ್ಧರಾಗಬೇಕಲ್ಲ! ಅಪವಾದ ರಿಯಾಕ್ಟ್: 2016ರಲ್ಲಿ 0.14ರಿಂದ ನೇರ 15ಕ್ಕೆ ಜಿಗಿಯಿತು. ಪಂಚಾಂಗ ನೋಡಿ ಸಂಖ್ಯೆ ಇಡುವ ಪಿಪ್‌ನಂಥವು ಮೂರನೆಯ ಮತ. ಇನ್ನು ಕ್ನೂತ್ ಅವರ ಅಕ್ಷರಜೋಡಣೆ ತಂತ್ರಾಂಶ ಟೆಕ್ ಯಾವ ಮತಕ್ಕೂ ಸೇರದು. ಪ್ರತಿ ಆವೃತ್ತಿಗೂ ಪೈಯ ಒಂದೊಂದು ಅಂಕಿ ಸೇರುತ್ತ 2021ಕ್ಕೆ 3.141592653 ಆಯಿತು.

ಪ್ಯಾಕೇಜು ಬರೆಯುವವರಲ್ಲಿ ವಿನಂತಿ: ಒಂದೇ ಒಂದು ಉದ್ಭವ ಬ್ಯಾಡ್ಜ್ ಇಡಿ, ಅದಕ್ಕೆ ರಿಜಿಸ್ಟ್ರಿ ಪುಟದ ಕೊಂಡಿ ಹಾಕಿ, ಕೈಬರಹದ್ದನ್ನು ಇವತ್ತೇ ಅಳಿಸಿ.