ಮುಟ್ಟಬ್ಯಾಡ್ರಿ ಮಾಮಾ

ಅಪರೂಪದ ಕಾರ್ಡು ಇಟ್ಟುಕೊಂಡವನನ್ನು ದೂರದಿಂದಲೇ ಗುರುತಿಸಬಹುದು. ಒಂದು ಕೈ ಸದಾ ಚೀಲದ ಮೇಲಿರುತ್ತದೆ. ‘ತೋರಸ್ಲೇನು?’ ಎಂದು ಕೇಳುವವನೂ ಅವನೇ, ನೀವು ಕೈ ಚಾಚಿದರೆ ‘ಮುಟ್ಟಬ್ಯಾಡ್ರಿ’ ಎನ್ನುವವನೂ ಅವನೇ. ಈ ಜಾತಿಯ ಪ್ರಾಣಿಯೊಂದು ನಮ್ಮ ಮನೆತನದಲ್ಲೇ ಹುಟ್ಟಿದೆ: ಅಕ್ಕಲಕೋಟೆಯ ತಂಗಿಯ ಮಗ, ನನ್ನ ಅಳಿಯ, ವಯಸ್ಸು ಹನ್ನೊಂದು.

ಪುಣೆಯ ಚಿಕ್ಕಪ್ಪ ಕೊಟ್ಟ ಪೋಕೆಮಾನ್ ಕಾರ್ಡು ಅದು, ಚಾರಿಜಾರ್ಡ್ ಜಿಎಕ್ಸ್. ರೆಕ್ಕೆ ಬಡಿಯುವ ಕಿತ್ತಳೆ ಬಣ್ಣದ ಡ್ರ್ಯಾಗನ್ನು, ಪ್ರಾಣಬಲ 250. ಜಿಎಕ್ಸ್ ವರ್ಗ ಇಂಗ್ಲಿಷ್ ಕಾರ್ಡುಗಳಿಗೆ ಬಂದದ್ದು 2017ರಲ್ಲಿ. ಆಟವೊಂದಕ್ಕೆ ಜಿಎಕ್ಸ್ ಏಟು ಒಬ್ಬನಿಗೆ ಒಂದೇ ಸಲ. ಇವನದು ಹೊಡೆದರೆ ಎದುರಾಳಿಯ ಕಟ್ಟಿನ ಮೇಲಿನ ಹತ್ತು ಕಾರ್ಡು ಕಸಕ್ಕೆ. ಆದರೆ ಅದೇ ಸತ್ತರೆ ಎದುರಿನವನಿಗೆ ಒಂದಲ್ಲ, ಎರಡು ಪ್ರೈಜ್ ಕಾರ್ಡು. ಇಷ್ಟನ್ನೂ ನಾನು ಕಲಿತದ್ದು ಸೊಲ್ಲಾಪುರದ ಹೋಮ್ ಮೈದಾನದಲ್ಲಿ, ಸಂಕ್ರಾಂತಿಯ ಗಡ್ಡಾ ಜಾತ್ರೆಯ ಧೂಳು ಕುಡಿಯುತ್ತ. ಸಿದ್ಧರಾಮೇಶ್ವರನ ಏಳು ನಂದಿಧ್ವಜ ತೋರಿಸೋಣವೆಂದು ಕರೆದೊಯ್ದರೆ ಇವನ ಕಣ್ಣು ಆಟಿಕೆ ಅಂಗಡಿಯ ಮೇಲೆ.

ಅಲ್ಲಿ ಬಂಗಾರದ ಬಣ್ಣದ ಡಬ್ಬಿ: 55 ಕಾರ್ಡು, ಐವತ್ತೈದೂ ಅಪರೂಪದವು! ಒಂದರ ಪ್ರಾಣಬಲ ಎಂಟು ಸಾವಿರ. ಅಳಿಯ ಅಕ್ಕಸಾಲಿಗನಂತೆ ತಿರುವಿ ನೋಡಿ ಕೆಳಗಿಟ್ಟ.

‘ಡೂಪ್ಲಿಕೇಟ್ ಅದಾವ ಮಾಮಾ. ಖರೇ ಕಾರ್ಡ್ ಹರದ್ರ ನಡುವ ಕರೀ ಪದರ ಇರ್ತದ.’

‘ಹಂಗಾರ ನಿಂದೊಮ್ಮಿ ಹರದು ನೋಡೂಣು?’

ಅಕ್ಕಲಕೋಟೆಗೆ ಮರಳುವ ಎಸ್‌ಟಿ ಬಸ್ಸು ಕುಂಭಾರಿ ದಾಟುವ ತನಕ ನನ್ನ ಜೊತೆ ಮಾತಿಲ್ಲ.

ಆಮೇಲೆ ತಡೆಯಲಾಗಲಿಲ್ಲ ಪಾಪ. ಗಣಿತದ ನೋಟಬುಕ್ಕಿನ ನಡುವಿನಿಂದ ಪ್ಲಾಸ್ಟಿಕ್ ಕವರಿನಲ್ಲಿದ್ದ ಕಾರ್ಡು ತೆಗೆದ. ನನ್ನ ಕೈಯಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ. ಬಸ್ಸು ತಗ್ಗಿಗಿಳಿಯಿತು, ಕಾರ್ಡು ಜಾರಿತು, ಹಿಡಿಯಲು ಹೋದೆ. ಡ್ರ್ಯಾಗನ್ನಿನ ಹೊಟ್ಟೆಯ ಮೇಲೆ ನನ್ನ ಹೆಬ್ಬೆಟ್ಟು, ಕೆಂಪಗೆ, ಎಣ್ಣೆಯೊಡನೆ, ಗೆರೆಗೆರೆಯಾಗಿ ಮೂಡಿತು. ಹೊಲ ಬರೆದುಕೊಡುವಾಗಲೂ ಅಷ್ಟು ಸ್ಪಷ್ಟವಾಗಿ ಒತ್ತಿದವನಲ್ಲ ನಾನು.

ಅವನು ಚೀರಿದ್ದಕ್ಕೆ ಇಡೀ ಬಸ್ಸು ತಿರುಗಿತು. ಕನ್ನಡ, ಮರಾಠಿ, ತೆಲುಗು ಮೂರರಲ್ಲೂ ನನಗೆ ಬುದ್ಧಿ ಹೇಳಲಾಯಿತು. ಕಂಡಕ್ಟರ್ ‘ಕಿತಿಲಾ ಘೇತಲಾ?’ ಎಂದು ಬೆಲೆ ಕೇಳಿದ. ಸ್ವಾಮಿ ಸಮರ್ಥರ ದರ್ಶನಕ್ಕೆ ಹೊರಟಿದ್ದ ಮುದುಕಿಯೊಬ್ಬಳು, ಹುಡುಗ ಇಷ್ಟು ಅಳಬೇಕಾದರೆ ದೇವರ ಫೋಟೋನೇ ಇರಬೇಕೆಂದು ಕಾರ್ಡನ್ನು ಈಸಿಕೊಂಡು ಸೆರಗಿನಿಂದ ಒರೆಸಿದಳು, ಕಣ್ಣಿಗೊತ್ತಿಕೊಂಡಳು, ಹಿಂದಿನ ಸೀಟಿಗೆ ದಾಟಿಸಿದಳು. ಅಲ್ಲೂ ಇಬ್ಬರು ನಮಸ್ಕರಿಸಿದರು. ‘ಮುಟ್ಟಬ್ಯಾಡ್ರಿ’ ಎನ್ನಲು ಅಳಿಯನಿಗೆ ಬಾಯಿ ಬರಲಿಲ್ಲ. ವಳಸಂಗದ ಹೊತ್ತಿಗೆ ಕಾರ್ಡು ಒಂದು ಸುತ್ತು ಪೂರೈಸಿ ತಿರುಗಿ ಬಂತು.

ಸಂಜೆ ಪಕ್ಕದ ಮನೆಯ ಹುಡುಗನ ಜೊತೆ ಆಟ. ಜಿಎಕ್ಸ್ ಕೈಯಲ್ಲೇ ಇತ್ತು. ಕೊನೆತನಕ ಕೆಳಗಿಳಿಸಲಿಲ್ಲ, ಸೋತ. ಯಾಕೋ ಅಂದರೆ, ‘ಅದು ಸತ್ರ ಅವಗ ಎರಡು ಪ್ರೈಜ್ ಸಿಗ್ತಾವ ಮಾಮಾ.’ ನನಗೆ ಸಿಟ್ಟೇ ಬಂತು. ಇಟ್ಟುಕೊಳ್ಳುವುದೇ ಬದುಕಾದರೆ ಆಡುವುದು ಯಾವಾಗ ಎಂದು ಶುರುಮಾಡಿದೆ. ನಾನೂ ಈ ವಯಸ್ಸಿನಲ್ಲಿ ಕುಸ್ತಿಪಟುಗಳ ಟ್ರಂಪ್ ಕಾರ್ಡು ಆಡಿದವನೇ. ಯೊಕೊಜುನನ ತೂಕ ಹೇಳಿ ಗೆದ್ದವನು. ಆ ಕಾರ್ಡಿನ ಮೂಲೆಗಳು ಸವೆದು ದುಂಡಗಾಗಿದ್ದವು. ಅವನ್ನು ಯಾರಿಗೆ ಕೊಟ್ಟೆನೋ, ಎಲ್ಲಿ ಹೋದವೋ... ಕಣ್ಣು ತೆರೆದರೆ ಅಳಿಯ ಎದುರಿಗಿರಲಿಲ್ಲ.

ರಾತ್ರಿ ಚಳಿ. ತಂಗಿ ಕಪಾಟು ತೆಗೆದಾಗ ಮೇಲ್ಗಡೆಯೇ ಕಂಡಿತು, ಅವಳ ಮದುವೆಗೆ ನಾನು ಕೊಟ್ಟ ಸೊಲ್ಲಾಪುರಿ ಚಾದರ, ಇನ್ನೂ ಪ್ಲಾಸ್ಟಿಕ್ಕಿನಲ್ಲಿ. ಕೈ ಚಾಚಿದೆ.

‘ಅದ ಬ್ಯಾಡ, ಯಾರರೆ ಮಂದಿ ಬಂದ್ರ ಬೇಕಾಗ್ತದ’ ಎಂದು ಅಂಚು ಎಳೆಬಿಟ್ಟ ಹಳೆಯದನ್ನು ಎಸೆದಳು.

‘ನಾ ಬಂದೀನಲ್ಲ?’

‘ನೀ ಮನಿ ಮನಶ್ಯಾ. ಮಲ್ಕೊ.’