ಕಣದ ಕೂಲಿ

ಮಕ್ಕಳಿಗೆ ಮನೆಗೆಲಸ ಹೇಳಬೇಕೆಂದು ಉಪದೇಶಿಸುವ ಮಹನೀಯರು ಮಾಘಮಾಸದಲ್ಲೊಮ್ಮೆ ಕೊಡಗಿನ ಕಾಫಿ ಕಣದತ್ತ ದಯಮಾಡಿಸಬೇಕು. ಹರವಿದ ಕಾಫಿಯನ್ನು ಗಳಿಗೆಗೊಮ್ಮೆ ಕೈಯಾಡಿಸಿ, ಸಂಜೆ ಇಬ್ಬನಿ ಬೀಳುವ ಮುನ್ನ ರಾಶಿಮಾಡಿ ಟಾರ್ಪಾಲು ಹೊದಿಸುವುದು ನಮ್ಮಲ್ಲಿ ಬಾಲಕರ ಪಾಲಿನ ಕೈಂಕರ್ಯ. ಅದಕ್ಕೆ ಸಂಭಾವನೆಯೂ ಉಂಟೆಂಬ ಕಲ್ಪನೆ ನನ್ನ ಬಾಲ್ಯದಲ್ಲಿ ಯಾರ ಚಿತ್ತದಲ್ಲಿಯೂ ಸುಳಿದುದಿಲ್ಲ.

ನನ್ನ ಪುತ್ರರತ್ನನಾದರೋ, ಕಾಫಿ ಕೊಯ್ಯುವವರಿಗೆ ಕಿಲೋ ಲೆಕ್ಕದಲ್ಲಿ ಕೂಲಿ ಸಲ್ಲುವುದನ್ನು ಕಣ್ಣಾರೆ ಕಂಡು, ಮೆಣಸಿನ ಬಳ್ಳಿಗಳ ಬುಡದಲ್ಲಿ ಉದುರಿದ್ದ ಕಾಳನ್ನೆಲ್ಲ ಆಯ್ದು, ತಕ್ಕಡಿಯನ್ನೂ ತಾನೇ ಹೊತ್ತುತಂದು ನನ್ನೆದುರು ಪ್ರತಿಷ್ಠಾಪಿಸಿದನು. ತೂಕಕ್ಕೆ ತರಗೆಲೆ, ಕಡ್ಡಿ ಮತ್ತು ಸಜೀವವಾದ ಒಂದು ಬಸವನಹುಳು ಯಥಾಶಕ್ತಿ ನೆರವಾಗಿದ್ದವು.

ಬೆಳೆಗಾರರು ಫಸಲನ್ನು ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಿ ಕಂತುಕಂತಾಗಿ ಹಣ ಪಡೆಯುತ್ತಿದ್ದ ಪೂರ್ವಕಾಲವನ್ನು ಸ್ಮರಿಸಿಕೊಂಡು, ನಾನು ಗಂಭೀರವಾಗಿ ಘೋಷಿಸಿದೆನು:

“ಮೊದಲ ಕಂತು ಈಗ ಹತ್ತು ರೂಪಾಯಿ; ಮಿಕ್ಕಿದ್ದು ಕೈಲ್‌ಪೊಳ್ದ್ ಹಬ್ಬಕ್ಕೆ.”

“ಬೇಡಪ್ಪ, ಗೋಣಿಕೊಪ್ಪದ ಅಂಗಡಿಗೆ ನಾನೇ ಮಾರಿಕೊಳ್ತೇನೆ. ಅಲ್ಲಿ ನಗದು ಕೊಡ್ತಾರೆ.”

ಕಾಫಿಯ ಮಾರಾಟ 1996ರಲ್ಲಿ ಪೂರ್ಣವಾಗಿ ಮುಕ್ತವಾಯಿತೆಂಬುದನ್ನು ಶಾಲೆಯಲ್ಲಿ ಕಲಿಸಿದರೋ, ರಕ್ತದಲ್ಲಿಯೇ ಬಂದಿತೋ, ತಿಳಿಯದು. ನನ್ನದೇ ತೋಟದ, ನನ್ನದೇ ಬಳ್ಳಿಯ ಮೆಣಸನ್ನು ನಾನೇ ಪೇಟೆಯ ದರಕ್ಕೆ ಕೊಂಡುಕೊಂಡೆನು. ಈಗ ನಮ್ಮ ಮನೆಯಲ್ಲಿ ಸಕಲ ವ್ಯವಹಾರವೂ ನಗದಿನಲ್ಲಿಯೇ ನಡೆಯುತ್ತಿದೆ. ಟಾರ್ಪಾಲು ಹೊದಿಸುವ ಕೆಲಸ ಮಾತ್ರ, ಕೂಲಿ ಕೇಳದವನೆಂಬ ಕಾರಣಕ್ಕೆ, ನನಗೆ ಬಂದಿದೆ.